ಹಡಗಿನ ಗ್ಯಾಸೂ ನಮ್ಮನೆಯವರ ರಜೆಯೂ

ನಮ್ಮನೆಯವರು ಸಮುದ್ರದ ದಡದ ಗ್ಯಾಸ್ ಟರ್ಮಿನಲ್‌ನಲ್ಲಿ ಆಪರೇಟರ್. ನಾನಿರುವುದು ಅರಸೀಕೆರೆ ಹತ್ತಿರದ ಕಣಕಟ್ಟೆಯಲ್ಲಿ, ಸಮುದ್ರ ಕಂಡವಳೇ ಅಲ್ಲ. ಆದರೂ ಅಲ್ಲಿ ಹಡಗು ಬಂದರೆ ಇಲ್ಲಿ ನಮ್ಮನೆಯಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಅವರಿಗೆ ಮಾತ್ರ ಒಂದೇ ಕೊರಗು: ಮೂರು ತುಂಬದ ಮಗಳಿಗೆ ಅಪ್ಪ ಎಂದರೆ ಫೋನಿನೊಳಗಿನವನು. ಹೋದ ಸಲ ಎದುರಿಗೆ ಬಂದಾಗ ಕಿರುಚಿ ಮಂಚದಡಿ ಸೇರಿದ್ದಳು.

೧. ಹಂಡೆ

"ಗ್ಯಾಸನ್ನ ಭಯಂಕರ ತಣ್ಣಗೆ ಮಾಡಿ, ನೀರಿನ ಹಾಗೆ ಮಾಡಿ ಹಡಗಲ್ಲಿ ತರ್ತಾರಮ್ಮ. ನಾವು ಟ್ಯಾಂಕಿಗೆ ಇಳಿಸ್ಕೊಂಡು, ಸಮುದ್ರದ ನೀರಲ್ಲಿ ಬಿಸಿ ಮಾಡಿ, ಮತ್ತೆ ಗ್ಯಾಸ್ ಮಾಡಿ ಪೈಪಲ್ಲಿ ಕಳಿಸ್ತೀವಿ" ಎಂದು ಒಮ್ಮೆ ಫೋನಿನಲ್ಲಿ ಅತ್ತೆಗೆ ವಿವರಿಸಿದರು.

ಅತ್ತೆ ಹಂಡೆ ಒಲೆ ಊದುತ್ತಿದ್ದರು. "ತಣ್ಣೀರಲ್ಲಿ ಬಿಸಿ ಮಾಡ್ತೀರೇನ್ಲಾ?"

"ಆ ಗ್ಯಾಸಿನ ಮುಂದೆ ತಣ್ಣೀರೇ ಬಿಸಿ ಕಣಮ್ಮ."

"ಸೌದೆ ಒಡಿ ಅಂದ್ರೆ ಇಲ್ಲೂ ಇಂಥದೇ ಹೇಳ್ತಿದ್ದೆ. ಅದಕ್ಕೂ ಸಂಬಳ ಕೊಡ್ತಾರಲ್ಲ, ಪುಣ್ಯಾತ್ಮರು!"

೨. ಪೈಪಿನ ಮರ್ಯಾದೆ

ಮಧ್ಯಾಹ್ನ ತೋಟದಲ್ಲಿ ಕಣ್ಣು ಮುಚ್ಚಿದರೆ ತೆಂಗಿನ ಗರಿಯ ಸದ್ದೇ ನನಗೆ ಅಲೆ. ಸುಡುಬಿಸಿಲಲ್ಲೂ ಬೆಳ್ಳಗೆ ಹಿಮ ಹಿಡಿದ ಪೈಪುಗಳು, ಮಂಜಿನೊಳಗೆ ಓಡಾಡುವ ನಮ್ಮನೆಯವರು, ಆಚೆ ಮೆಲ್ಲಗೆ ತೂಗುವ ಹಡಗು. ಒಂದು ದಿನ ಹೀಗೆ ತೇಲುತ್ತಿದ್ದಾಗಲೇ ಫೋನ್ ಬಂತು.

"ಅಲೆ ಜೋರಿದೆ ಕಣೇ, ಹಡಗು ಹೊರಗೇ ನಿಂತಿದೆ. ಅದು ಖಾಲಿಯಾಗೋವರೆಗೂ ರಜೆ ಇಲ್ಲ."

"ಬಂದ ತಕ್ಷಣ ಸುರ್ಕೊಂಡು ಬನ್ರೀ."

"ಹಂಗೆಲ್ಲ ಆಗಲ್ಲ. ಮೊದಲು ಸ್ವಲ್ಪಸ್ವಲ್ಪವೇ ಬಿಟ್ಟು ಪೈಪನ್ನ ತಣ್ಣಗೆ ಮಾಡ್ಬೇಕು, ಗಂಟೆಗಟ್ಟಲೆ. ಒಂದೇ ಸಲ ಬಿಟ್ರೆ ಬಿರುಕು ಬಿಡುತ್ತೆ."

"ಓಹೋ! ಮದುವೆಯಾದ ಮಾರನೇ ದಿನವೇ ನಿಮ್ಮಮ್ಮ ಇಪ್ಪತ್ತು ಜನರ ಮುದ್ದೆ ತಿರುವೋ ಕೋಲು ನನ್ನ ಕೈಗಿಟ್ಟಾಗ ಈ ಜ್ಞಾನ ಎಲ್ಲಿತ್ತು ರೀ?"

ಅಲೆ ಇನ್ನೂ ಜಾಸ್ತಿಯಾಯಿತೆಂದು ಫೋನ್ ಇಟ್ಟರು.

೩. ಅಂಗಿ

ಅಂತೂ ಹಡಗು ಖಾಲಿಯಾಗಿ ನಾಲ್ಕು ದಿನ ರಜೆ ಸಿಕ್ಕಿತು. ಮಗಳು ಮೂರು ದಿನ ನನ್ನ ಸೆರಗು ಬಿಡಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಅರಸೀಕೆರೆಯಿಂದ ಅವರಿಗೆ ವಾಪಸ್ ರೈಲು. "ಒಂದ್ಸಲ ಎತ್ಕೊಳ್ದೆ ಹೆಂಗೆ ಹೋಗ್ಲಿ?" ಎನ್ನುತ್ತಾ ತೋಟಕ್ಕೆ ಹೋಗಿ, ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದರು.

"ಅಪ್ಪಾ!" ಎಂದು ಮಗಳು ಫೋನ್ ಹಿಡಿದು ಕುಣಿದಳು. ಅದೇ ದನಿ ತೋಟದಿಂದಲೂ ಕೇಳಿಸುತ್ತಿತ್ತಲ್ಲ, ಅದರ ಜಾಡು ಹಿಡಿದು ಮರಗಳ ನಡುವೆ ನಡೆದಳು. ನಾನು ಸದ್ದಾಗದ ಹಾಗೆ ಅವಳ ಹಿಂದೆ. ಎದುರು ನಿಂತು ಫೋನ್ ನೋಡಿದಳು, ಅವರನ್ನು ನೋಡಿದಳು, ಸೀದಾ ಹೋಗಿ ಮರದಡಿ ಕೂತಿದ್ದ ಅವರ ತೊಡೆಯ ಮೇಲೆ ಕೂತಳು. ಅವರ ಕಣ್ಣಿಂದ ನೀರು ಇಳಿಯಿತು.

ಮಗಳು ಫೋನನ್ನು ಬಾಯಿಯ ಹತ್ತಿರ ಹಿಡಿದು ಪಿಸುಗುಟ್ಟಿದಳು: "ಅಪ್ಪಾ, ಬೇಗ ಬಾ. ಇಲ್ಲೊಬ್ರು ಮಾಮ ನಿನ್ನ ಅಂಗಿ ಹಾಕ್ಕೊಂಡು ಅಳ್ತಾವ್ರೆ!"