ಬೆಳಕಿನ ಪೆಟ್ಟಿಗೆಯಲ್ಲಿ ಗುರುತುಚೀಟಿ ಧರಿಸಿದ ಕುರಿತು

ಸಂಖ್ಯೆ: ಸಿಬ್ಬಂದಿ/ಚರ್ಮ/ತೋಳು/7(ಅ)

ವಿಷಯ: ಎರಡು ಬಗೆಯ ನೇರಳಾತೀತ ಕಿರಣ ಚಿಕಿತ್ಸೆಯನ್ನು ಜೊತೆಯಾಗಿ ಪಡೆಯುವಾಗ ಅಧೀಕ್ಷಕರು ಎಸಗಿದ ಲೋಪಗಳು ಹಾಗೂ ತತ್ಸಂಬಂಧ ಅಂಗಿಯ ತೋಳು.

ಉಲ್ಲೇಖ: 1. ಇದೇ ಕಚೇರಿಯ ‘ತುಂಬುತೋಳು ಕಡ್ಡಾಯ’ ಸುತ್ತೋಲೆ.
2. ಅಧೀಕ್ಷಕರ ಪತ್ನಿಯವರ ಮೌಖಿಕ ಆಕ್ಷೇಪಣೆ.

ಈ ಕಚೇರಿಯ ಅಧೀಕ್ಷಕರಿಗೆ (ಮುಂದೆ ‘ಸದರಿಯವರು’) ಮೊಣಕೈ ಹಾಗೂ ಎದೆಯ ಮೇಲೆ ಸೋರಿಯಾಸಿಸ್ ಎಂಬ ಚರ್ಮರೋಗದ ಕಲೆಗಳಿದ್ದು, ಚರ್ಮವೈದ್ಯರು ಆಳೆತ್ತರದ ಬೆಳಕಿನ ಪೆಟ್ಟಿಗೆಯೊಳಗೆ ನಿಲ್ಲಿಸಿ ಎರಡು ಕಿರಣಗಳನ್ನು ಸೇರಿಸಿ ಚಿಕಿತ್ಸೆ ನೀಡುತ್ತಿರುವುದು ಸರಿಯಷ್ಟೆ. ಈ ಸಂಬಂಧ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ:

1. ಕಚೇರಿ ವೇಳೆಯಲ್ಲಿ ಗುರುತುಚೀಟಿಯನ್ನು ಕೊರಳಿಂದ ತೆಗೆಯತಕ್ಕದ್ದಲ್ಲ ಎಂಬ ನಿಯಮ ಸದರಿಯವರದೇ. ಚಿಕಿತ್ಸೆಯೂ ಅದೇ ವೇಳೆಗೆ ಬಿದ್ದಿರುತ್ತದೆ. “ಅದನ್ನ ತೆಗೀರಿ ಸಾರ್, ಒಳಗೆ ನಿಮ್ಮನ್ನ ಯಾರು ಅಂತ ಯಾರೂ ಕೇಳಲ್ಲ” ಎಂಬ ನರ್ಸ್ ಅವರ ಮನವಿಗೆ ತಲೆಯಾಡಿಸಿ, ಪ್ರತಿ ಬಾರಿಯೂ ಪೆಟ್ಟಿಗೆಯ ಬಾಗಿಲು ಮುಚ್ಚಿದೊಡನೆ ಚೀಟಿಯನ್ನು ಮರಳಿ ಧರಿಸಲಾಗಿದೆ.

2. ತತ್ಪರಿಣಾಮ, ಎದೆಯ ಉಳಿದ ಕಲೆಗಳು ರಾಜೀನಾಮೆ ಕೊಟ್ಟು ಹೋಗಿದ್ದು, ಚೀಟಿಯ ನೆರಳಲ್ಲಿದ್ದ ಕಲೆ ಮಾತ್ರ ಕಾಯಂ ನೌಕರನಂತೆ ಕುಳಿತಿದೆ. “ಏನ್ರೀ ಇದು, ಎದೆಗೆ ಕಿಟಕಿ ಇಡಿಸ್ಕೊಂಡು ಬಂದಿದೀರಾ?” ಎಂದು ಪತ್ನಿಯವರು ಸಮಜಾಯಿಷಿ ಕೇಳಿದ್ದಾರೆ.

3. ಎರಡು ಬೆಳಕಿಗೆ ಮೂರನೆಯದೂ ಕೂಡಲಿ ಎಂದು ಸದರಿಯವರು ಊಟದ ವಿರಾಮದಲ್ಲಿ, ತಾರಸಿಯ ಮೇಲೆ, ಸೂರ್ಯನನ್ನು ಸ್ವಯಂ ನಿಯೋಜಿಸಿಕೊಂಡು ಬೆನ್ನು ಸುಟ್ಟುಕೊಂಡಿರುತ್ತಾರೆ. ವೈದ್ಯರ ಮಂಜೂರಾತಿಯಿಲ್ಲದೆ ಸೂರ್ಯನಿಗೆ ಹೆಚ್ಚುವರಿ ಪ್ರಭಾರ ವಹಿಸಕೂಡದು. ತಾರಸಿಯ ಬೀಗದ ಕೈಯನ್ನು ಸದರಿಯವರು ಅಂಗಲಾಚಿದರೂ ಕೊಡಕೂಡದೆಂದು ಕಾವಲುಗಾರರಿಗೆ ಈ ಮೂಲಕ ಆದೇಶಿಸಲಾಗಿದೆ.

4. ಉಲ್ಲೇಖ 1ರಲ್ಲಿ ‘ಶಿಸ್ತು’ ಎಂಬ ಕಾರಣ ನಮೂದಾಗಿದೆ. ಅದು ಸುಳ್ಳು. ಸದರಿಯವರ ಮೊಣಕೈ ಮುಚ್ಚಲು ಇಡೀ ಕಚೇರಿಯ ಮೊಣಕೈ ಮುಚ್ಚಿಸಲಾಗಿತ್ತು. ಕಳೆದ ವಾರ ಸೆಕೆಗೆ ಬೆರಳಚ್ಚುಗಾರ್ತಿ ತಲೆಸುತ್ತಿ ಬಿದ್ದಾಗ, ಕಡತದಿಂದ ಗಾಳಿ ಬೀಸಿದವರೂ ಬೆವರುತ್ತ ತುಂಬುತೋಳಲ್ಲೇ ಬೀಸಿದರು. ಕಣ್ಣು ಬಿಟ್ಟೊಡನೆ ಆಕೆ ಸದರಿಯವರನ್ನು ಕೇಳಿದ್ದು: “ತೋಳು ಮಡಚಬಹುದಾ ಸಾರ್?” ಅಂದು ಉತ್ತರ ನೀಡಲಾಗಿರುವುದಿಲ್ಲ.

5. ಸದರಿ ಸುತ್ತೋಲೆಯನ್ನು ಹಿಂಪಡೆಯಲಾಗಿದೆ. ಮೊಣಕೈ ಇನ್ನೂ ಪೂರ್ತಿ ಗುಣವಾಗಿಲ್ಲ. ಆದಾಗ್ಯೂ ಸೋಮವಾರದಿಂದ ಸದರಿಯವರು ಅರ್ಧತೋಳಿನಲ್ಲಿ ಹಾಜರಾಗುತ್ತಾರೆ. ಇದು ಅಂಟುವ ಕಾಯಿಲೆಯಲ್ಲ. ನೋಡಬೇಕೆನಿಸಿದವರು ನೋಡಬಹುದು. ನೋಡದಂತೆ ನಟಿಸುವವರಿಗೆ ಪ್ರತ್ಯೇಕ ಭತ್ಯೆ ಇರುವುದಿಲ್ಲ.

ಸಹಿ/-
ಅಧೀಕ್ಷಕರು
(ಸದರಿಯವರೇ)

ಪ್ರತಿಗಳು:
ನರ್ಸ್ ಅವರಿಗೆ: ಚೀಟಿ ಈಗ ಗೋಡೆಯ ಮೊಳೆಯಲ್ಲಿದೆ.
ಪತ್ನಿಯವರಿಗೆ: ಅರ್ಧತೋಳಿನ ಅಂಗಿ ಯಾವ ಬೀರುವಿನಲ್ಲಿದೆಯೆಂದು ತಿಳಿಸುವ ಕೃಪೆಗಾಗಿ.
ಸೂರ್ಯನಿಗೆ: ಮಾಹಿತಿಗಾಗಿ ಮಾತ್ರ, ಕ್ರಮ ಕೈಗೊಳ್ಳಬೇಕಿಲ್ಲ.
ಬೆರಳಚ್ಚುಗಾರ್ತಿಯವರಿಗೆ: ಮಡಚಬಹುದು.