ಜನಿವಾರದಲ್ಲಿದ್ದ ಫೋನಿನ ಕೀಲಿ

ಒಂಬತ್ತು ವರ್ಷ ಕಾದು ಪಡೆದ ಟೆಲಿಫೋನನ್ನು ಪ್ರಾಣವಿರುವವರೆಗೂ ಕಾಪಾಡುತ್ತೇನೆ ಎಂದು ನಾನು ಶಪಥ ಮಾಡಿದ್ದು ೧೯೮೮ರ ಒಂದು ಭಾನುವಾರ, ಎರಡನೇ ಲೋಟ ಕಾಫಿ ಕುಡಿಯುತ್ತ.

ಅರ್ಜಿ ಹಾಕಿದಾಗ ನನಗೆ ತಲೆತುಂಬ ಕೂದಲಿತ್ತು. ಅಷ್ಟು ವರ್ಷವೂ ಜೋಗೇಶ್ವರಿಯ ನಮ್ಮ ಬಿಲ್ಡಿಂಗಿಗೆಲ್ಲ ಇದ್ದದ್ದು ಒಂದೇ ಫೋನು, ನೆಲಮಹಡಿಯ ಕೇಶವಮೂರ್ತಿಗಳದ್ದು. ನನ್ನ ವಿಸಿಟಿಂಗ್ ಕಾರ್ಡಿನಲ್ಲೂ ಅವರದೇ ನಂಬರು, ಪಕ್ಕದಲ್ಲಿ 'ಪಿ.ಪಿ.' ಎಂಬ ಎರಡಕ್ಷರ. ಅಂದರೆ ಫೋನು ನೆರೆಮನೆಯದು, ದಯವಿಟ್ಟು ಕೂಗಿ ಕರೆಸಿ ಎಂದರ್ಥ. ನನಗೆ ಫೋನ್ ಬಂದರೆ ಕೇಶವಮೂರ್ತಿಗಳು ಟಿ.ವಿ. ಸದ್ದು ತಗ್ಗಿಸಿ, ನನ್ನ ಸಂಸಾರದ ಗುಟ್ಟನ್ನೆಲ್ಲ ಸಾವಧಾನವಾಗಿ ಕೇಳಿಸಿಕೊಳ್ಳುತ್ತಿದ್ದರು.

ಹೀಗಾಗಿ ನಮ್ಮ ಫೋನ್ ಬಂದ ದಿನವೇ ಡಯಲ್‌ಗೆ ಒಂದು ಪುಟ್ಟ ಬೀಗ ಜಡಿದೆ. ಬೀಗದ ಕೀಲಿ ಜನಿವಾರಕ್ಕೆ ಕಟ್ಟಿದೆ. ನಮ್ಮ ಮನೆತನದಲ್ಲಿ ಪೆಟ್ಟಿಗೆಯ ಕೀಲಿ ಇರುತ್ತಿದ್ದದ್ದೂ ಅಲ್ಲೇ.

"ಒಂಬತ್ತು ವರ್ಷ ಇನ್ನೊಬ್ಬರ ಮನೇಲಿ ನಿಂತು ಮಾತಾಡಿದೋರು ನೀವು. ನಿಮಗೇ ಈ ಬುದ್ಧಿಯೇ?" ಎಂದಳು ನನ್ನ ಹೆಂಡತಿ ಕೌಸಲ್ಯಾ.

"ಅದಕ್ಕೇ ಕಣೇ. ಅನುಭವ ಅಂತ ಒಂದಿರುತ್ತೆ," ಎಂದೆ.

ವಾರ ಕಳೆಯುವಷ್ಟರಲ್ಲಿ ದೌಲತಬಿ ಬಂದಳು. ನಮ್ಮ ಬಿಲ್ಡಿಂಗಿನ ಹಿಂಬದಿಯ ಚಾಳಿನ ಒಂದು ಕೋಣೆಯಲ್ಲಿರುವ ಹುಬ್ಬಳ್ಳಿ ಕಡೆಯ ಹೆಂಗಸು. ಬಿಲ್ಡಿಂಗಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುವವಳು. "ಅಣ್ಣಾರ, ನನ್ನ ಮಗಳು ಗೌಹರ ಹೆರಿಗಿಗಂತ ಬಾಂದ್ರಾ ದವಾಖಾನ್ಯಾಗ ಅದಾಳ್ರಿ. ಹ್ಯಾಂಗದಾಳಂತ ಒಂದ ಫೋನ ಮಾಡ್ಲೇನ್ರಿ?"

ಇವತ್ತು ಈಕೆ, ನಾಳೆ ಇಡೀ ಚಾಳು ಎಂದು ಲೆಕ್ಕ ಹಾಕಿದೆ. "ಅಯ್ಯೋ, ಕೀಲಿ ಆಫೀಸಿನಲ್ಲೇ ಬಿಟ್ಟುಬಂದೆ ಕಣಮ್ಮ," ಎಂದೆ. ಬನಿಯನ್ನಿನೊಳಗೆ ಕೀಲಿ ಎದೆಗೆ ಚುಚ್ಚುತ್ತಿತ್ತು. ನನ್ನ ಹೆಸರು ಸತ್ಯಮೂರ್ತಿ ಎಂಬುದನ್ನು ಇಲ್ಲಿ ಹೇಳದಿದ್ದರೆ ಚೆನ್ನಾಗಿತ್ತು.

"ಆಗ್ಲಿ ಬಿಡ್ರಿ," ಎಂದು ಆಕೆ ಒಳಗೆ ಕೌಸಲ್ಯಾಳ ಹತ್ತಿರ ಹೋದಳು. ನಾನು ಗೆದ್ದ ಖುಷಿಯಲ್ಲಿ ಪೇಪರ್ ತೆರೆದೆ.

ಆಗಸ್ಟ್ ಬಂತು. ದೂರದ ಫೋರ್ಟ್ ಏರಿಯಾದ ಹೆಡ್ಡಾಫೀಸಿಗೆ ದಿನಾ ಲೋಕಲ್‌ನಲ್ಲಿ ಜೋತಾಡಿ ಸುಸ್ತಾಗಿದ್ದ ನನಗೆ, ಮನೆಗೆ ಹತ್ತಿರದ ಬಾಂದ್ರಾ ಶಾಖೆಗೆ ವರ್ಗವಾಗುವ ಯೋಗ ಕೂಡಿಬಂತು. ಅಲ್ಲಿನ ಮ್ಯಾನೇಜರು, "ನಾಳೆ ನಿಮಗೆ ರಜೆ ಅಲ್ವೇ? ಒಪ್ಪಿಗೆಯೋ ಇಲ್ಲವೋ, ಸಂಜೆ ಐದರೊಳಗೆ ಫೋನ್ ಮಾಡಿ. ಇಲ್ಲದಿದ್ರೆ ಇನ್ನೊಬ್ಬರಿಗೆ ಹೋಗುತ್ತೆ. ಮನೇಲೇ ಫೋನ್ ಇದೆ ಅಂತ ಎಲ್ಲರಿಗೂ ಹೇಳಿಕೊಂಡು ಬರ್ತಿದ್ದೀರಲ್ಲ," ಎಂದರು. ವರ್ಗವಾದರೆ ಬದುಕಿದೆ, ಇಲ್ಲದಿದ್ದರೆ ಇನ್ನೂ ಹತ್ತು ವರ್ಷ ಫುಟ್‌ಬೋರ್ಡೇ ಗತಿ.

ಮರುದಿನ ಉಪಾಕರ್ಮ. ಅಂಧೇರಿಯ ಹಾಲ್‌ನಲ್ಲಿ ನಮ್ಮವರೆಲ್ಲ ಸೇರಿ ಹೊಸ ಜನಿವಾರ ಹಾಕಿಕೊಂಡೆವು. ಹಳೆಯವನ್ನೆಲ್ಲ ಪುರೋಹಿತರು ಬಕೆಟ್ಟಿನಲ್ಲಿ ತುಂಬಿಸಿ ವರ್ಸೋವಾ ಸಮುದ್ರಕ್ಕೆ ಕಳಿಸಿದರು. ನಾನು ಮನೆಗೆ ಬಂದು ಹೋಳಿಗೆ ತಿಂದು ಗಡದ್ದಾಗಿ ಮಲಗಿ, ನಾಲ್ಕಕ್ಕೆ ಎದ್ದು ಫೋನಿನ ಮುಂದೆ ಕೂತು ಎದೆ ತಡವಿಕೊಂಡೆ. ಜನಿವಾರ ಹೊಸದಾಗಿತ್ತು, ಬೆಳ್ಳಗಿತ್ತು. ಕೀಲಿ ಇರಲಿಲ್ಲ.

"ಕೌಸಲ್ಯಾ, ಕೀಲಿ ಸಮುದ್ರ ಸೇರಿತು ಕಣೇ."

"ಆಫೀಸಿನಲ್ಲಿ ಬಿಟ್ಟುಬಂದಿರ್ತೀರಿ, ನೆನಪು ಮಾಡಿಕೊಳ್ಳಿ," ಎಂದಳು ಆಕೆ, ತಟ್ಟೆ ಒರೆಸುತ್ತ.

ಹೇರ್‌ಪಿನ್ ತುರುಕಿದೆ, ಒಳಗೇ ಮುರಿಯಿತು. ಮಳೆಯಲ್ಲಿ ಸ್ಟೇಷನ್ನಿಗೆ ಓಡಿದೆ, ಅಲ್ಲಿನ ಕಾಯಿನ್ ಬಾಕ್ಸ್ ಕೆಟ್ಟಿತ್ತು. ನಾಚಿಕೆ ಬಿಟ್ಟು ಕೇಶವಮೂರ್ತಿಗಳ ಬಾಗಿಲು ತಟ್ಟಿದೆ. "ಸ್ವಂತ ಫೋನ್ ಇರೋರು ನಮ್ಮಂಥೋರ ಮನೆಗೆ ಬರಬಾರದು ಸಾರ್, ನಮಗೆ ಸಂಕೋಚವಾಗುತ್ತೆ," ಎಂದು ಅವರು ನಯವಾಗಿ ಕದ ಹಾಕಿಕೊಂಡರು.

ಐದಕ್ಕೆ ಹತ್ತು ನಿಮಿಷವಿತ್ತು. ನಾನು ಒದ್ದೆ ಕೋಳಿಯಂತೆ ಬಂದು ಸುತ್ತಿಗೆ ಹುಡುಕತೊಡಗಿದೆ. ಆಗ ಕೌಸಲ್ಯಾ ಹಿಂದಿನ ಕಿಟಕಿಗೆ ಹೋಗಿ ಚಾಳಿನ ಕಡೆ ಕೂಗಿದಳು: "ದೌಲತಬೀ, ಸ್ವಲ್ಪ ಬನ್ನಿ. ನಮ್ಮವರದು ಒಂದು ಅರ್ಜೆಂಟ್ ಫೋನ್ ಇದೆ."

ದೌಲತಬಿ ಬಂದಳು. ನಂಬರು ಕೇಳಿದಳು. ಬೀಗದ ಕಡೆ ತಿರುಗಿಯೂ ನೋಡದೆ, ರಿಸೀವರ್ ಎತ್ತಿ, ಅದನ್ನು ಇಡುವ ಗುಂಡಿಯನ್ನು ಬೆರಳಿನಿಂದ ಟಕಟಕ ಕುಟ್ಟತೊಡಗಿದಳು. ಆರಕ್ಕೆ ಆರು ಸಲ, ನಾಲ್ಕಕ್ಕೆ ನಾಲ್ಕು ಸಲ, ಸೊನ್ನೆಗೆ ಹತ್ತು ಸಲ. ಹೊಲಿಗೆ ಯಂತ್ರದ ಲಯ. ಆ ಕಡೆ ಗಂಟೆ ಹೊಡೆದುಕೊಂಡಿತು. "ಮಾತಾಡ್ರಿ ಅಣ್ಣಾರ," ಎಂದು ನನ್ನ ಕೈಗೆ ಕೊಟ್ಟಳು. ಐದಕ್ಕೆ ಎರಡು ನಿಮಿಷವಿರುವಾಗ ಬಾಂದ್ರಾ ನನ್ನದಾಯಿತು.

"ಇದನ್ನ ಎಲ್ಲಿ ಕಲಿತೆಯಮ್ಮ?" ಎಂದೆ.

"ಅಕ್ಕಾರು ಕಲಿಸ್ಯಾರ್ರಿ. ಅವತ್ತ ನೀವು ಪೇಪರ ಓದಕೋತ ಮಲಗಿದ್ರಲ್ರಿ, ಆವಾಗ. ಮೊಮ್ಮಗ ಹುಟ್ಟಿದ ಸುದ್ದಿ ಇದರಾಗ ಕೇಳೀನ್ರಿ ನಾ."

ಕೌಸಲ್ಯಾಳತ್ತ ನೋಡಿದೆ. "ಅವತ್ತಿನಿಂದ ಚಾಳಿನೋರೆಲ್ಲ ಮಾತಾಡ್ತಿದ್ದಾರೆ. ಬೀಗ ಇದ್ದದ್ದು ನಿಮಗೊಬ್ಬರಿಗೇ," ಎಂದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಹೆರಿಗೆಗೆ ಹೋದ ಮಗಳ ತಾಯಿಗೆ ಸುಳ್ಳು ಹೇಳಿದವನು ನಾನು.

ಆ ಬೀಗ ಇನ್ನೂ ಹಾಗೇ ಇದೆ, ಹೇರ್‌ಪಿನ್ ಸಮೇತ. ನಾನು ಕುಟ್ಟಿದರೆ ಫೋನು ಪ್ರತಿ ಸಲವೂ ಅಂಧೇರಿಯ ಯಾವುದೋ ಬೇಕರಿಗೆ ಹೋಗುತ್ತದೆ. ಕೌಸಲ್ಯಾಳನ್ನು ಕೇಳಿದರೆ, "ದೌಲತಬೀನೇ ಕೇಳಿ," ಎನ್ನುತ್ತಾಳೆ. ಹಾಗಾಗಿ ಆಫೀಸಿಗೆ ಮಾತಾಡಬೇಕಾದಾಗಲೆಲ್ಲ ಹಿಂದಿನ ಕಿಟಕಿಗೆ ಹೋಗಿ, "ದೌಲತಬೀ, ಒಂದು ಫೋನ್ ಮಾಡಬೇಕಿತ್ತಮ್ಮ," ಎಂದು ಕೈಮುಗಿಯುತ್ತೇನೆ.

ಆಕೆ ಹೊಲಿಗೆ ನಿಲ್ಲಿಸಿ ತಲೆ ಎತ್ತಿ, ಒಂದೇ ಪ್ರಶ್ನೆ ಕೇಳುತ್ತಾಳೆ: "ಯಾಕ್ರಿ ಅಣ್ಣಾರ, ಕೀಲಿ ಆಫೀಸಿನ್ಯಾಗ ಬಿಟ್ಟ ಬಂದೀರೇನ್ರಿ?"