ತೆರಕಣಾಂಬಿಯಲ್ಲಿ ನಿಲ್ಲದ ಓಟ

ಓಡುವವರಿಗೆ ಕಾಲಿಗಿಂತ ಮೊದಲು ತಲೆ ಕೆಡುತ್ತದೆ ಎಂಬುದನ್ನು ನಾನು ಐವತ್ತೆರಡನೆಯ ವಯಸ್ಸಿನಲ್ಲಿ ತಿಳಿದುಕೊಂಡೆ. ಗುಂಡ್ಲುಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತನಾದ ನಾನು ಅದುವರೆಗೆ ಓಡಿದ್ದು ಬಸ್ಸಿನ ಹಿಂದೆ ಮಾತ್ರ. ಸಕ್ಕರೆ ಕಾಯಿಲೆಗೆಂದು ಡಾಕ್ಟರು ನಡೆಯಲು ಹೇಳಿದರು. ನಡೆಯುತ್ತಾ ನಡೆಯುತ್ತಾ ನಾನು ಓಟಗಾರನೆಂಬ ಭ್ರಮೆ ಹತ್ತಿಕೊಂಡಿತು. ಚಾಮರಾಜನಗರದ ರಸ್ತೆಯಲ್ಲಿ ಹೊರಟು ಗುಂಡ್ಲುಪೇಟೆಗೆ ಮುಗಿಯುವ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಹೆಸರು ಬರೆಸಿಯೇಬಿಟ್ಟೆ. ದಾರಿಯಲ್ಲಿ ಸಿಗುವ ತೆರಕಣಾಂಬಿ ನನ್ನ ಹೆಂಡತಿ ಮಂಗಳಳ ತವರು. ಅವಳು ಓಟದ ಹಿಂದಿನ ದಿನವೇ ಅಲ್ಲಿಗೆ ಹೋದಳು.

ಮೂರನೆಯ ಕಿಲೋಮೀಟರಿಗೆಲ್ಲ ಹೈಸ್ಕೂಲು ಹುಡುಗಿಯರೂ, ಪಂಚೆ ಎತ್ತಿ ಕಟ್ಟಿದ್ದ ಒಬ್ಬ ತಾತನೂ ನನ್ನನ್ನು ದಾಟಿ ಹೋದರು. ಹಿಂದೆ ಉಳಿದದ್ದು ಆಂಬುಲೆನ್ಸ್ ಒಂದೇ. "ಅತ್ಕೊಂಡ್ಬುಡಿ ಸಾರ್, ನಮ್ದೂ ತಿಂಡಿ ಆಗಿಲ್ಲ" ಎಂದ ಡ್ರೈವರ್. ನಾನು ಹತ್ತಲಿಲ್ಲ. ಅವನು ಬೇಸತ್ತು ಮುಂದೆ ಹೋದ.

ಅಲ್ಲಿಂದಾಚೆ ನಡೆದುಕೊಂಡೇ ಬಂದವನು, ತೆರಕಣಾಂಬಿಯ ಮನೆಗಳು ಕಂಡೊಡನೆ ಎದೆಯುಬ್ಬಿಸಿ ಓಡತೊಡಗಿದೆ. ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಮ್ಮತ್ತೆ ಕುಳಿತಿದ್ದರು. ಮಂಡಿನೋವಿನಿಂದಾಗಿ ಅವರು ಬೀದಿ ದಾಟಿ ಈಚೆಗೆ ಬಂದು ವರ್ಷವಾಗಿತ್ತು. ನನ್ನನ್ನು ಕಂಡು ಕೋಲು ಊರಿ ಎದ್ದು, ಚೊಂಬು ಮುಂದೆ ಚಾಚಿದರು.

"ಅಳಿಮಯ್ಯ, ಒಸಿ ಮಜ್ಜಿಗೆ ಕುಡ್ಕೊಂಡು ಓಗಿ."

ನಿಂತರೆ ಕಾಲು ಮತ್ತೆ ಏಳುವುದಿಲ್ಲವೆಂಬ ಭಯ. ಜೊತೆಗೆ, ಪಕ್ಕದ ಮನೆಯಾತ ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದ. ನಾನು ರಾಜಕಾರಣಿಯಂತೆ ಕೈ ಬೀಸಿ ಓಡಿದೆ. ಮಂಗಳ ಚಪ್ಪಲಿಯಲ್ಲೇ ಪಕ್ಕಕ್ಕೆ ಓಡಿಬಂದು, ಒಂಚೂರೂ ಏದುಸಿರು ಬಿಡದೆ, "ನಿಂತ್ಕೊಳ್ರೀ, ಅವ್ವ ಎದ್ ನಿಂತವ್ಳೆ" ಎಂದಳು.

"ಆಮೇಲೆ" ಎಂದೆ.

ತಿರುವು ದಾಟಿ, ಯಾರಿಗೂ ಕಾಣದ ಕಡೆ ಮೋರಿ ಕಟ್ಟೆಯ ಮೇಲೆ ಕಾಲು ಗಂಟೆ ಕುಳಿತೆ. ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರಿದ್ದರು. ವಾಪಸು ಹೋಗಬಹುದಿತ್ತು. ಹೋಗಲಿಲ್ಲ. ಈಗಲೂ ಚುಚ್ಚುವುದು ಅದೇ.

ಗುಂಡ್ಲುಪೇಟೆ ಮುಟ್ಟಿದಾಗ ಬ್ಯಾನರು ಬಿಚ್ಚುತ್ತಿದ್ದರು. ಪದಕವೇನೋ ಕೊಟ್ಟರು. ಸಂಜೆ ಬಸ್ಸಿನಲ್ಲಿ ಬಂದ ಮಂಗಳ, "ಬೆಳಗ್ಗೆನೇ ಎದ್ದು ಅವ್ವನೇ ಮಜ್ಜಿಗೆ ಕಡೆದಿದ್ಳು" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಜಗಳವಾಡಿದ್ದರೆ ಚೆನ್ನಾಗಿತ್ತು.

ಮುಂದಿನ ಭಾನುವಾರ ಇಬ್ಬರೂ ತೆರಕಣಾಂಬಿಗೆ ಹೋದೆವು. ಜಗುಲಿಯಲ್ಲಿ ಕುಳಿತು, "ತಪ್ಪಾಯ್ತು ಅತ್ತೆ, ಅವತ್ತು ನಿಲ್ಲಲಿಲ್ಲ" ಎಂದೆ.

"ಅಯ್ಯೋ ಬುಡಿ! ಮೊದ್ಲು ಬರೋರು ನಿಂತ್ಕೊಂಡ್ರೆ ಆದದಾ? ನಾನೂ ಕುಂತಿದ್ದು ನೋಡ್ದೆ, ನಿಮ್ಮಿಂದೆ ಒಬ್ಬರೂ ಬರ್ನಿಲ್ಲ. ಎಲ್ಲಾರ್ನೂ ಅಷ್ಟು ಇಂದಕ್ ಆಕ್ಬುಟ್ರಲ್ಲ!"

ನಾನು ಮಂಗಳಳ ಮುಖ ನೋಡಿದೆ. ನನ್ನ ವೇಗ ಬಲ್ಲ ಅವಳು, ಬಿಸಿಲಲ್ಲಿ ಕಾಯಿಸುವುದೇಕೆಂದು, ಎಲ್ಲರೂ ಹೋದ ಮೇಲೆಯೇ ತಾಯಿಯನ್ನು ರಸ್ತೆಗೆ ಕರೆತಂದಿದ್ದಳು. ಈಗ ಅವಳು ನಾನೇನು ಹೇಳುತ್ತೇನೆಂದು ಕಾಯುತ್ತಿದ್ದಳು.

ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ, "ಬನ್ರಮ್ಮಿ, ಪಸ್ಟು ಬಂದ ನಮ್ಮ ಅಳಿಮಯ್ಯನ್ನ ನೋಡಿ" ಎಂದು ಎದುರುಮನೆಯವರನ್ನು ಕೂಗಿದರು. ನಾನು ತಲೆಗೂದಲು ಸರಿಮಾಡಿಕೊಂಡು ನೆಟ್ಟಗೆ ಕುಳಿತೆ.